ಪ್ರಯಾಣಿಕನ ಕಣ್ಣು

ಹೆದ್ದಾರಿಯೊಂದಕ್ಕೆ ಕಂದು ಬಣ್ಣದ ‘ರಮಣೀಯ ಮಾರ್ಗ’ ಫಲಕ ಸಿಗಬೇಕಾದರೆ ಅದು ಸುಂದರವಾಗಿದ್ದರೆ ಸಾಲದು. ಸುಂದರವಾಗಿದೆ ಎಂದು ಆರನೆಯ ನಮೂನೆಯಲ್ಲಿ ರುಜುವಾತಾಗಬೇಕು. ನಮೂನೆ ಹದಿನೇಳು ಪುಟದ್ದು. ಸೌಂದರ್ಯದ ಬಗ್ಗೆ ಅಷ್ಟು ಪುಟಗಳಿದ್ದರೂ ಎಲ್ಲಿಯೂ ಒಂದು ವಿಶೇಷಣವಿಲ್ಲದಂತೆ ಬರೆದವರು ಯಾರೋ, ಅವರಿಗೆ ನಮಸ್ಕಾರ ಹೇಳಬೇಕು. ಒಂಬತ್ತನೆಯ ಪುಟದಲ್ಲಿ ಮಾತ್ರ ಜೀವವಿರುವ ಒಂದು ವಾಕ್ಯವಿತ್ತು: ‘ನದಿಗುಂಟ ಸಾಗುವ ರಸ್ತೆಯಾದಲ್ಲಿ, ಪ್ರಯಾಣಿಕನ ಕಣ್ಣಿಗೆ ನದಿ ಕಾಣುವ ಭಾಗವು ಒಟ್ಟು ಉದ್ದದ ಅರ್ಧಕ್ಕಿಂತ ಕಡಿಮೆಯಿರತಕ್ಕದ್ದಲ್ಲ.’

ನಮ್ಮ ರಸ್ತೆ ನದಿಯ ಜೊತೆ ನಲವತ್ತೇಳು ಪಾಯಿಂಟ್ ಆರು ಕಿಲೋಮೀಟರ್ ಹೋಗುತ್ತದೆ. ಜೊತೆ ಅಂದರೆ ಜಗಳವಾಡಿಕೊಂಡು ಸಂತೆಗೆ ಹೊರಟ ಗಂಡಹೆಂಡಿರ ಜೊತೆ. ಒಮ್ಮೆ ಒತ್ತಿಕೊಂಡು, ಒಮ್ಮೆ ಮುಖ ತಿರುಗಿಸಿಕೊಂಡು, ಬೇರೆ ದಾರಿಯಿಲ್ಲವಲ್ಲ ಎಂದು ಮತ್ತೆ ಒಟ್ಟಿಗೆ. ಇದರಲ್ಲಿ ಅರ್ಧ ಎಷ್ಟೆಂದು ನೋಡುವ ಕೆಲಸ ರಸ್ತೆ ಇಲಾಖೆಯ ಉಪವಿಭಾಗದ ಅಳತೆಗಾರ್ತಿಗೆ ಬಂತು. ಅವಳನ್ನು ಕಚೇರಿಯಲ್ಲಿ ಎಲ್ಲರೂ ಟೇಪಮ್ಮ ಎನ್ನುತ್ತಿದ್ದರು. ಎದುರಿಗೆ ಮೇಡಮ್.

ಟೇಪಮ್ಮನಿಗೆ ಆ ನದಿಯಿಂದ ತಪ್ಪಿಸಿಕೊಂಡು ಹೋಗಬೇಕಿತ್ತು. ಹನ್ನೊಂದು ವರ್ಷದಿಂದ ಅವಳ ವಸತಿಗೃಹದ ಅಡುಗೆಮನೆ ಕಿಟಕಿಯ ಕೆಳಗೆ ಅದು ಒಂದೇ ಸಮನೆ ಗೊಣಗುತ್ತಿತ್ತು. ಗಂಡ ಮತ್ತು ಹತ್ತು ವರ್ಷದ ಮಗಳು ನಾಲ್ಕು ಗಂಟೆ ಬಸ್ಸಿನ ದೂರದ ಒಣ ಬಯಲಿನ ಊರಲ್ಲಿದ್ದರು. ಗಂಡನಿಗೆ ಅಲ್ಲಿ ಗಡಿಯಾರ ರಿಪೇರಿ ಅಂಗಡಿ. ಎರಡು ವಾರಕ್ಕೊಂದು ಭಾನುವಾರ ಹೋಗಿ, ಮಗಳ ಹೊಸ ಹಲ್ಲು, ಹೊಸ ಗೆಳತಿ, ಹೊಸ ಸುಳ್ಳುಗಳನ್ನೆಲ್ಲ ಒಂದೇ ದಿನದಲ್ಲಿ ಕಲಿತು ವಾಪಸಾಗಬೇಕು. ಆ ಊರಿನ ನಕ್ಷೆ ವಿಭಾಗಕ್ಕೆ ಅವಳ ವರ್ಗಾವಣೆಯ ಆದೇಶ ಬಂದು ಎಂಟು ತಿಂಗಳಾಗಿತ್ತು. ಆದೇಶ ಬಂದಿತ್ತು, ಬಿಡುಗಡೆ ಆಗಿರಲಿಲ್ಲ. ಎಂಜಿನಿಯರ್ ಸಾಹೇಬರು ಬಿಡುತ್ತಿರಲಿಲ್ಲ.

“ನಿಮ್ಮ ಅಂಕಿಯನ್ನ ಯಾರೂ ತಿರುಗಿ ನೋಡೋದಿಲ್ಲಮ್ಮ,” ಎನ್ನುತ್ತಿದ್ದರು ಅವರು, ಅದೇನೋ ಅವಳಿಗೆ ಪದಕ ಕೊಡುತ್ತಿರುವವರ ಹಾಗೆ. “ನಾನು ಕಣ್ಣು ಮುಚ್ಚಿ ಸಹಿ ಹಾಕ್ತೀನಿ. ಅಂಥೋರನ್ನ ಹ್ಯಾಗೆ ಬಿಡಲಿ ಹೇಳಿ.”

ತಿಂಗಳ ಕೊನೆಯೊಳಗೆ ಅವಳು ಹೋಗಿ ಹಾಜರಾಗದಿದ್ದರೆ ಆ ಹುದ್ದೆ ಬೇರೆಯವರ ಪಾಲಾಗುತ್ತದೆ ಎಂದು ಅಲ್ಲಿಂದ ಕಾಗದ ಬಂದ ಮೇಲೆ ಅವಳು ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಲಿಲ್ಲ. ಫೈಲುಗಳನ್ನು ಅತ್ತಿಂದಿತ್ತ ಓಡಾಡುತ್ತಲೇ ಓದುತ್ತಿದ್ದಳು. ಮೂರನೆಯ ದಿನ ಸಾಹೇಬರಿಗೂ ನೋಡಿ ನೋಡಿ ತಲೆ ಸುತ್ತಿತೋ ಏನೋ, ಮಾತು ಕೊಟ್ಟರು: ಕಂದು ಫಲಕಕ್ಕೆ ಮೇಲಿನವರ ಒಪ್ಪಿಗೆ ಬಿದ್ದ ದಿನವೇ ಬಿಡುಗಡೆ.

ಅಳೆಯಲು ಹೊರಟ ದಿನ ಇಲಾಖೆಯ ಕಾರು ಗ್ಯಾರೇಜಿನಲ್ಲಿತ್ತು. ಸಿಕ್ಕಿದ್ದು ಜಲ್ಲಿ ಹೊರುವ ಟಿಪ್ಪರ್ ಲಾರಿ, ಅದರ ಜೊತೆಗೆ ಅದರ ಚಾಲಕ. ಖಾಲಿ ತಿರುವಿನಲ್ಲೂ ಹಾರ್ನ್ ಹೊಡೆಯುವ ಚಟವಿದ್ದುದರಿಂದ ಅವನನ್ನು ಹಾರ್ನಣ್ಣ ಎನ್ನುತ್ತಿದ್ದರು. ಟೇಪಮ್ಮ ಮೆಟ್ಟಿಲು ಹತ್ತಿ, ಅವನ ಪಕ್ಕದ ಎತ್ತರದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ದೂರ ತೋರಿಸುವ ಮೀಟರಿನ ಮೇಲೊಂದು ಕಣ್ಣು, ಹೊರಗೊಂದು ಕಣ್ಣು ಇಟ್ಟಳು.

“ಕಾಣ್ತು,” ಎನ್ನುತ್ತಿದ್ದಳು. ಬರೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ, “ಹೋಯ್ತು.”

“ಪೂರ್ತಿ ಹೋಗಿಲ್ಲ ಮೇಡಮ್, ಆ ಮರದ ಸಂದಿಯಲ್ಲಿ ಹೊಳೀತಿದೆ ನೋಡಿ.”

“ಸಂದಿಯಲ್ಲಿ ಹೊಳೆಯೋದು ಲೆಕ್ಕಕ್ಕಿಲ್ಲ ಅಣ್ಣ.”

“ಅಷ್ಟು ಕಟ್ಟುನಿಟ್ಟಾದ್ರೆ ಹ್ಯಾಗೆ. ಹುಡುಗಿ ನೋಡೋಕೆ ಹೋದಾಗ ನನಗೆ ಅಷ್ಟೂ ಕಾಣಿಸಿರಲಿಲ್ಲ. ಮದುವೆ ಆಗಲಿಲ್ವಾ.”

ಆ ದಿನ ನೋಟ ನಿಜಕ್ಕೂ ಚೆನ್ನಾಗಿತ್ತು. ಬಿಸಿಲು ಬಿದ್ದ ನೀರು, ನಡುವೆ ಬೋಳುಬಂಡೆಗಳು, ದಂಡೆಯಲ್ಲಿ ಯಾರೋ ಒಣಹಾಕಿದ ಬಟ್ಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಟೇಪಮ್ಮ ನದಿಯನ್ನು ಹಗೆತನವಿಲ್ಲದೆ ನೋಡಿದಳು. ಕೂಡಿ ನೋಡಿದರೆ ಇಪ್ಪತ್ತೈದು ಪಾಯಿಂಟ್ ಒಂದು ಕಿಲೋಮೀಟರ್ ಬಂತು. ಬೇಕಾಗಿದ್ದುದು ಇಪ್ಪತ್ತಮೂರು ಪಾಯಿಂಟ್ ಎಂಟು. ಎರಡು ಸಲ ಕೂಡಿದಳು. ವರದಿ ಹೋಯಿತು. ಪರಿಶೀಲನಾಧಿಕಾರಿ ಗುರುವಾರ ಬರುತ್ತಾರೆಂದು ಉತ್ತರ ಬಂತು.

ಬುಧವಾರ ಅವಳ ಮೈದುನ ತನ್ನ ಹೊಸ ಕಾರು ತಂದ. ಸಾಮಾನಿನ ಮೊದಲ ಕಂತನ್ನು ಅವತ್ತೇ ಸಾಗಿಸಿಬಿಡೋಣ ಎಂದು ಅವಳೇ ಹೇಳಿ ಕರೆಸಿದ್ದಳು. ಆದೇಶಕ್ಕೆ ಸಹಿ ಬೀಳುವ ಮೊದಲೇ ಪಾತ್ರೆ ಕಟ್ಟುವುದು ಅವಳ ಸ್ವಭಾವವಲ್ಲ. ಆದರೆ ಕಟ್ಟದೆ ಸುಮ್ಮನಿರಲು ಕೈಗಳು ಒಪ್ಪಿರಲಿಲ್ಲ. ಕಾರು ಪುಟ್ಟದು, ನೆಲಕ್ಕೆ ಅಂಟಿಕೊಂಡಂಥದ್ದು. ಹಿಂದಿನ ಸೀಟಿನ ತುಂಬ ಪೆಟ್ಟಿಗೆಗಳು. ಮುಂದಿನ ಸೀಟಿನಲ್ಲಿ ಅವಳು ಕೂತಾಗ ಮೊಣಕಾಲು ಎದೆಗೆ ಬಂತು.

“ಹೊಸ ಕಾರು ಹ್ಯಾಗಿದೆ ಅತ್ತಿಗೆ?”

“ಚೆನ್ನಾಗಿದೆ. ರಸ್ತೆ ಮೇಲೇ ಕೂತ ಹಾಗಿದೆ.”

ಹತ್ತು ನಿಮಿಷ ಹೋದ ಮೇಲೆ ಮೈದುನ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತು ತಿರುಗಿಸಿದ.

“ನದಿ ಪಕ್ಕದ ರಸ್ತೆ ಅಂದಿದ್ರಿ. ಎಲ್ಲಿದೆ ನದಿ?”

“ಅಲ್ಲೇ, ಬಲಗಡೆ.”

“ಬಲಗಡೆ ಗೋಡೆ ಇದೆ.”

“ಗೋಡೆಯಿಂದಾಚೆ.”

“ಹಾಗೆ ನೋಡಿದ್ರೆ ನಮ್ಮನೆಯಿಂದಲೂ ನದಿ ಕಾಣತ್ತೆ ಅನ್ನಬಹುದು. ಗೋಡೆಯಿಂದಾಚೆ, ನೂರ ಎಂಬತ್ತು ಕಿಲೋಮೀಟರ್.”

ಅವನು ತನ್ನ ಜೋಕಿಗೆ ತಾನೇ ನಗುತ್ತಿದ್ದಾಗ ಟೇಪಮ್ಮ ಬಲಗಡೆ ನೋಡಿದಳು. ಬೂದು ಬಣ್ಣದ ತಡೆಗೋಡೆ ಓಡುತ್ತಿತ್ತು. ಅದರ ಮೇಲೆ ಎದುರಿನ ಗುಡ್ಡ, ಗುಡ್ಡದ ಮೇಲೆ ಆಕಾಶ. ನೀರು ಇಲ್ಲ. ಮುಂದಿನ ತಿರುವಿನಲ್ಲೂ ಇಲ್ಲ. ಬಂಡೆಗಳಿರುವ ಆ ಚೆಂದದ ಜಾಗ ಬಂದಾಗ ಬಂಡೆಯೂ ಇರಲಿಲ್ಲ.

“ನಿಲ್ಲಿಸು.”

“ಇಲ್ಲಿ ನಿಲ್ಲಿಸಬಾರದು ಅಂತ ಬೋರ್ಡಿದೆ ಅತ್ತಿಗೆ.”

“ಆ ಬೋರ್ಡು ಹಾಕಿಸಿದ್ದು ನಾನೇ. ನಿಲ್ಲಿಸು.”

ಕೈಚೀಲದಿಂದ ಟೇಪು ತೆಗೆದು ಇಳಿದು, ಸುತ್ತಿ ಬಂದು, ಅವನ ಕಡೆಯ ಬಾಗಿಲು ತೆಗೆದಳು. ಟೇಪಿನ ತುದಿಯನ್ನು ಡಾಂಬರಿನ ಮೇಲೆ ಚಪ್ಪಲಿಯಿಂದ ಒತ್ತಿ ಹಿಡಿದು, ಇನ್ನೊಂದನ್ನು ಅವನ ಮುಖದತ್ತ ಎಳೆದಳು.

“ಏನ್ ಮಾಡ್ತಿದೀರಿ?”

“ಅಲ್ಲಾಡಬೇಡ. ನೆಟ್ಟಗೆ ಕೂತ್ಕೋ. ಅಷ್ಟು ನೆಟ್ಟಗಲ್ಲ, ದಿನಾ ಕೂರೋ ಹಾಗೆ.”

ಒಂದು ಮೀಟರ್ ಹತ್ತೊಂಬತ್ತು ಸೆಂಟಿಮೀಟರ್. ಪುಸ್ತಕದಲ್ಲಿರುವುದು ಒಂದು ಮೀಟರ್ ಇಪ್ಪತ್ತು. ರಸ್ತೆ ಇಲಾಖೆಯಲ್ಲಿ ಅಳತೆಯ ಪರೀಕ್ಷೆ ಬರೆದ ಪ್ರತಿಯೊಬ್ಬರಿಗೂ ಆ ಪ್ರಶ್ನೆ ಬಂದಿರುತ್ತದೆ: ಚಾಲಕನ ಕಣ್ಣು ರಸ್ತೆಯಿಂದ ಎಷ್ಟು ಎತ್ತರದಲ್ಲಿರುತ್ತದೆ? ತಿರುವಿನಾಚೆ ಬರುವ ವಾಹನ ಕಾಣುತ್ತದೋ ಇಲ್ಲವೋ ಎಂದು ನೋಡಲು ಆ ಎತ್ತರಕ್ಕೆ ಕತ್ತರಿಸಿ ಹಳದಿ ಬಣ್ಣ ಬಳಿದ ಕೋಲೊಂದು ಟೇಪಮ್ಮನ ಮೇಜಿನ ಪಕ್ಕ ಸದಾ ಒರಗಿರುತ್ತಿತ್ತು. ಹೊಸದಾಗಿ ಬಂದವರಿಗೆಲ್ಲ ಅವಳೇ ಪಾಠ ಹೇಳಿದ್ದಳು: ನಿಮ್ಮ ಕಣ್ಣು ನಂಬಬೇಡಿ, ಕೋಲಿನ ತುದಿಯಿಂದ ನೋಡಿ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ಕೋಲನ್ನು ಬಿಟ್ಟು ಸ್ವಂತ ಕಣ್ಣಿನಿಂದ ನೋಡಿದ್ದಳು, ಅದೂ ಲಾರಿಯ ಸೀಟಿನಲ್ಲಿ, ನೆಲದಿಂದ ಎರಡೂ ಕಾಲು ಮೀಟರ್ ಮೇಲೆ ಕೂತು.

ಇನ್ನು ಆ ಗೋಡೆ. ಎರಡು ವರ್ಷದ ಹಿಂದೆ ಹಾಲಿನ ಟ್ಯಾಂಕರೊಂದು ಹಳೆಯ ಮೊಣಕಾಲೆತ್ತರದ ಕಟ್ಟೆಯನ್ನು ದಾಟಿ ನದಿಗೆ ಬಿದ್ದ ಮೇಲೆ ಅದನ್ನು ಒಂದು ಮೀಟರ್ ಐದು ಸೆಂಟಿಮೀಟರಿಗೆ ಏರಿಸಿದ್ದರು. ಹತ್ತು ಹತ್ತು ಮೀಟರಿಗೆ ನಿಂತು ಅದರ ಎತ್ತರ ಅಳೆದು ಸರಿಯಿದೆ ಎಂದು ಬರೆದುಕೊಟ್ಟವಳೂ ಅವಳೇ. ಸರಿಯಾಗಿಯೇ ಇತ್ತು. ಕಾರಿನಲ್ಲಿ ಕೂತವರ ಕಣ್ಣು ಗೋಡೆಯ ನೆತ್ತಿಗಿಂತ ಒಂದು ಗೇಣೂ ಮೇಲಿರದ ಕಾರಣ ಎದುರಿನ ಗುಡ್ಡ ಕಾಣುತ್ತಿತ್ತು, ಕೆಳಗಿನ ನೀರು ಕಾಣುತ್ತಿರಲಿಲ್ಲ.

“ಹಿಂದಕ್ಕೆ ತಿರುಗಿಸು,” ಎಂದಳು.

“ಮನೆಗಾ?”

“ಸೊನ್ನೆ ಕಿಲೋಮೀಟರಿಗೆ.”

ಮೈದುನ ಪೆಟ್ಟಿಗೆಗಳ ಸಮೇತ ನಲವತ್ತೇಳು ಕಿಲೋಮೀಟರನ್ನು ಆಮೆಯಂತೆ ಓಡಿಸಿದ. ಪ್ರತಿ ತಿರುವಿನಲ್ಲೂ ಒಂದು ಪಾತ್ರೆ ಹಿಂದಿನಿಂದ ತನ್ನ ಅಭಿಪ್ರಾಯ ಹೇಳುತ್ತಿತ್ತು. ಟೇಪಮ್ಮ “ಕಾಣ್ತು” ಎಂದದ್ದಕ್ಕಿಂತ “ಇಲ್ಲ” ಎಂದದ್ದೇ ಹೆಚ್ಚು. ಕೊನೆಗೆ ಕೂಡಿದಳು: ಹದಿನಾರು ಪಾಯಿಂಟ್ ಮೂರು ಐದು. ಎಂಟೂ ಮುಕ್ಕಾಲು ಕಿಲೋಮೀಟರ್ ನದಿ ಒಂದು ಮಧ್ಯಾಹ್ನದಲ್ಲಿ ಮಾಯವಾಗಿತ್ತು.

“ಈಗ ಈ ಸಾಮಾನು ಒಯ್ಯಲಾ, ಇಳಿಸಲಾ?” ಎಂದು ಕೇಳಿದ ಮೈದುನ, ವಸತಿಗೃಹದ ಮುಂದೆ.

“ಕಾರಲ್ಲೇ ಇರಲಿ.”

“ಹಾಗಂದ್ರೆ?”

“ನನಗೆ ಗೊತ್ತಿದ್ರೆ ಹೇಳ್ತಿರಲಿಲ್ವಾ? ಒಳಗೆ ಬಾ. ಚಹಾದ ಪಾತ್ರೆ ಯಾವ ಪೆಟ್ಟಿಗೆಯಲ್ಲಿದೆ ಅಂತ ಮೊದಲು ಹುಡುಕು.”

ಗುರುವಾರ ಬೆಳಗ್ಗೆ ಕಚೇರಿಯ ಅಂಗಳದಲ್ಲಿ ಹಾರ್ನಣ್ಣ ಲಾರಿ ತೊಳೆಯುತ್ತಿದ್ದ. ಟೇಪಮ್ಮ ಅವನ ಬಕೆಟ್ಟಿನ ಸುತ್ತ ಎರಡು ಸುತ್ತು ಹಾಕಿ ವಿಷಯ ಹೇಳಿದಳು. ಅವನು ಬಟ್ಟೆ ಹಿಂಡುತ್ತ ಕೇಳಿಸಿಕೊಂಡ.

“ಮೂವತ್ತು ವರ್ಷದಿಂದ ನನಗೆ ದಿನಾ ನದಿ ಕಾಣತ್ತೆ ಮೇಡಮ್. ನಾನು ಪ್ರಯಾಣಿಕ ಅಲ್ವಾ?”

“ನಿಮಗೆ ಸಂಬಳ ಕೊಡ್ತಾರೆ. ಪ್ರಯಾಣಿಕನಿಗೆ ಯಾರೂ ಕೊಡಲ್ಲ.”

“ಬಸ್ಸಲ್ಲಿ ಕೂತೋರು? ಅವರೂ ಎತ್ತರದಲ್ಲೇ ಕೂರ್ತಾರೆ.”

“ಬಸ್ಸು ದಿನಕ್ಕೆ ನಾಲ್ಕು. ಕಾರು ಆರುನೂರು. ನಾನೇ ಎಣಿಸಿದ್ದು ಅಣ್ಣ.”

“ನೀವು ಎಣಿಸದೆ ಬಿಟ್ಟಿದ್ದು ಏನಾದ್ರೂ ಇದೆಯಾ?” ಅವನು ಬಕೆಟ್ಟು ಪಕ್ಕಕ್ಕಿಟ್ಟ. “ನೋಡಿ, ಬರೋ ಸಾಹೇಬರು ನೋಡೋಕೆ ಬರೋರಲ್ಲ. ಸಹಿ ಹಾಕೋಕೆ ಬರ್ತಾರೆ. ನೀವು ಬಾಯಿಗೆ ಬೀಗ ಹಾಕಿದ್ರೆ ರಾತ್ರಿ ಊಟ ಮಗಳ ಜೊತೆ. ಒಂದು ಬೋರ್ಡು ಸುಮ್ನೆ ನಿಂತಿದ್ರೆ ಯಾರ ಗಂಟು ಹೋಗತ್ತೆ?”

ಯಾರದೂ ಹೋಗುವುದಿಲ್ಲ ಎಂಬುದು ಟೇಪಮ್ಮನಿಗೂ ಗೊತ್ತಿತ್ತು. ಅದೇ ತೊಂದರೆ. ಯಾರಿಗಾದರೂ ನಷ್ಟವಾಗುವಂತಿದ್ದರೆ ಹೇಳಲೇಬೇಕಾಗುತ್ತಿತ್ತು, ಸುಲಭವಾಗುತ್ತಿತ್ತು.

ಪರಿಶೀಲನಾಧಿಕಾರಿಯ ಕಾರು ಹನ್ನೊಂದಕ್ಕೆ ಬಂತು. ಅದರ ಹಿಂದಿನ ಕಿಟಕಿಗಳಿಗೆ ಬಿಳಿ ಪರದೆ ಹಾಕಿತ್ತು. ಪರದೆ ಪೂರ್ತಿ ಎಳೆದಿತ್ತು. ಇಳಿದವರ ಕೆನ್ನೆಯ ಮೇಲೆ ಸೀಟಿನ ಹೊಲಿಗೆಯ ಗುರುತು ಅಚ್ಚಾಗಿತ್ತು.

“ದಾರಿ ಹ್ಯಾಗಿತ್ತು ಸರ್?” ಎಂದರು ಎಂಜಿನಿಯರ್ ಸಾಹೇಬರು.

“ಬಹಳ ಚೆನ್ನಾಗಿದೆ. ಒಂದು ಕಡೆಯೂ ಎಚ್ಚರ ಆಗಲಿಲ್ಲ.”

ಸಾಹೇಬರ ಕೋಣೆಯಲ್ಲಿ ಚಹಾ, ಬಿಸ್ಕತ್ತು, ನಮೂನೆಯ ಫೈಲು, ಮೊಹರು ಒತ್ತುವ ಶಾಯಿಯ ಡಬ್ಬಿ ಎಲ್ಲ ಸಿದ್ಧವಾಗಿದ್ದವು. ಕಾಗದದ ಭಾರದ ಕಲ್ಲಿನ ಕೆಳಗೆ ಇನ್ನೊಂದು ಹಾಳೆಯಿತ್ತು. ತಲೆಕೆಳಗಾಗಿ ನೋಡಿದರೂ ಟೇಪಮ್ಮನಿಗೆ ಅದು ತನ್ನ ಬಿಡುಗಡೆಯ ಪತ್ರ ಎಂದು ತಿಳಿಯಿತು. ಕೆಳಗಡೆ ಸಹಿಯ ಜಾಗ ಮಾತ್ರ ಬೆಳ್ಳಗಿತ್ತು.

“ಅಳೆದದ್ದು ಯಾರು?” ಎಂದರು ಅಧಿಕಾರಿ, ಬಿಸ್ಕತ್ತು ಅದ್ದುತ್ತ.

ಸಾಹೇಬರು ಅವಳತ್ತ ಕೈ ತೋರಿಸಿದರು.

“ಇವರಾ? ಆ ಹಳೇ ಸೇತುವೆ ವಿಚಾರದಲ್ಲಿ ನಾಲ್ಕು ಜನ ಅಳೆದು ಕೊನೆಗೆ ಇವರದೇ ಸರಿ ಬಂತಲ್ಲ. ಹಾಗಾದ್ರೆ ನೋಡೋದೇನಿದೆ. ಪ್ರತಿ ಪುಟಕ್ಕೂ ಅವರು ಚಿಕ್ಕ ಸಹಿ ಹಾಕಲಿ, ಕೊನೇ ಪುಟಕ್ಕೆ ನಾನು ಮೊಹರು ಒತ್ತುತೀನಿ. ಮೂರು ಗಂಟೆಗೆ ಮನೇಲಿರಬೇಕು ನಾನು.”

ಟೇಪಮ್ಮ ನಿಂತುಕೊಂಡೇ ಸಹಿ ಹಾಕತೊಡಗಿದಳು. ಒಂದು, ಎರಡು, ಮೂರು. ರಸ್ತೆಯ ಅಗಲ, ಸರಿ. ಸೇತುವೆಗಳ ಸಂಖ್ಯೆ, ಸರಿ. ಎಂಟನೆಯ ಪುಟದವರೆಗೆ ಪೆನ್ನು ತಾನಾಗಿಯೇ ಓಡಿತು. ಒಂಬತ್ತನೆಯದನ್ನು ಮಗುಚಿದಾಗ ಅವಳದೇ ಗುಂಡು ಅಕ್ಷರದಲ್ಲಿ ಇಪ್ಪತ್ತೈದು ಪಾಯಿಂಟ್ ಒಂದು ಅವಳನ್ನು ನೋಡಿತು. ಅವಳು ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಮತ್ತೆ ಬಲಗೈಗೆ ತಂದಳು. ಕಲ್ಲಿನ ಕೆಳಗಿನ ಹಾಳೆ ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು.

“ಪೆನ್ನು ಬರೀತಿಲ್ವೇನಮ್ಮ?” ಎಂದರು ಸಾಹೇಬರು.

“ಬರೀತಿದೆ ಸರ್. ಅಂಕಿ ತಪ್ಪಿದೆ.”

ಸಾಹೇಬರು ನಕ್ಕರು. ಹನ್ನೊಂದು ವರ್ಷದಲ್ಲಿ ಅವಳು ಒಂದು ಜೋಕೂ ಹೇಳಿರಲಿಲ್ಲವಾದ್ದರಿಂದ ಇದು ಮೊದಲನೆಯದಿರಬೇಕೆಂದು ಭಾವಿಸಿದರು. ಅವಳು ಲಾರಿ, ಕಾರು, ಗೋಡೆ, ಕೋಲು ಎಲ್ಲವನ್ನೂ ನಾಲ್ಕು ವಾಕ್ಯದಲ್ಲಿ ಹೇಳಿ, ಹದಿನಾರು ಪಾಯಿಂಟ್ ಮೂರು ಐದು ಎಂದು ಮುಗಿಸುವ ಹೊತ್ತಿಗೆ ಅಧಿಕಾರಿಯ ಬಿಸ್ಕತ್ತು ಚಹಾದೊಳಗೆ ಕಳಚಿ ಬಿದ್ದಿತ್ತು.

“ಅಂದ್ರೆ ನಾನೀಗ ಎದ್ದು ಹೋಗಿ ನೋಡಬೇಕು ಅಂತೀರಾ?”

“ಹೌದು ಸರ್.”

“ಪರದೆ ತೆಗೆದು?”

“ಹೌದು ಸರ್.”

ಪರದೆ ತೆಗೆದು ಹೊರಟರು. ಮುಂದೆ ಚಾಲಕನ ಪಕ್ಕ ಟೇಪಮ್ಮ, ಹಿಂದೆ ಇಬ್ಬರು ದೊಡ್ಡವರು. ಗೋಡೆ ಶುರುವಾಯಿತು. ಅಧಿಕಾರಿ ಐದು ನಿಮಿಷ ಅದನ್ನು ಮನಸ್ಸಿಟ್ಟು ನೋಡಿದರು.

“ಗೋಡೆ ಚೆನ್ನಾಗಿ ಕಟ್ಟಿಸಿದೀರಿ,” ಎಂದರು ಕೊನೆಗೆ.

“ಸ್ವಲ್ಪ ಎದ್ದು ಕೂತ್ರೆ ಕಾಣತ್ತೆ ಸರ್,” ಎಂದರು ಎಂಜಿನಿಯರ್ ಸಾಹೇಬರು. ಅಧಿಕಾರಿ ಎದ್ದು ಕೂತರು. ತಲೆ ಚಾವಣಿಗೆ ತಗುಲಿ ಟೊಪ್ಪೆಂದಿತು. ಒಂದು ಕಿಲೋಮೀಟರಿನ ನಂತರ ಸಾಹೇಬರು ಮತ್ತೆ, “ಗೋಡೆಯನ್ನೇ ಒಂದಡಿ ಇಳಿಸಿದ್ರೆ ಹ್ಯಾಗೆ?” ಎಂದರು.

“ನದಿ ಕಾಣತ್ತೆ ಸರ್,” ಎಂದಳು ಟೇಪಮ್ಮ ತಿರುಗಿ ನೋಡದೆ. “ಟ್ಯಾಂಕರಿನವನಿಗೆ ಕಂಡ ಹಾಗೆ ತೀರಾ ಹತ್ತಿರದಿಂದಾನೂ ಕಾಣತ್ತೆ.”

ಅಧಿಕಾರಿ ಕಾರಿನಲ್ಲೇ ಫೈಲನ್ನು ತೊಡೆಯ ಮೇಲಿಟ್ಟು ‘ಪುನಃ ಅಳೆದು ಮುಂದಿನ ವರ್ಷ ಸಲ್ಲಿಸತಕ್ಕದ್ದು’ ಎಂದು ಗೀಚಿದರು. ಉಳಿದಿಬ್ಬರನ್ನು ಕಚೇರಿಯಲ್ಲಿ ಇಳಿಸಿ ಹೊರಡುವ ಮುನ್ನ ಕಿಟಕಿ ಇಳಿಸಿ ಟೇಪಮ್ಮನನ್ನು ಒಮ್ಮೆ ನೋಡಿದರು. “ನೀವು ಮಾಡಿದ್ದು ಸರಿ,” ಎಂದರು. ಆ ಮಾತಿನಲ್ಲಿ ಮೆಚ್ಚುಗೆಯ ಲವಲೇಶವೂ ಇರಲಿಲ್ಲ. ಮತ್ತೆ ಪರದೆ ಎಳೆದುಕೊಂಡರು.

ಕೋಣೆಯಲ್ಲಿ ಎಂಜಿನಿಯರ್ ಸಾಹೇಬರು ಬಹಳ ಹೊತ್ತು ಶಾಯಿಯ ಡಬ್ಬಿಯನ್ನು ಮುಚ್ಚಿ ತೆಗೆದು ಮಾಡಿದರು. ಟೇಪಮ್ಮ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಹೋದಳು. ಹೊರಗೆ ಮೈದುನ ಕಾರಿಗೆ ಒರಗಿ ನಿಂತು ಹಾರ್ನಣ್ಣನಿಗೆ ಕಾರಿನ ಹಾರ್ನು ತೋರಿಸುತ್ತಿದ್ದ.

“ಒಂದು ಕಡೆ ನಿಲ್ಲಿ ದಯವಿಟ್ಟು,” ಎಂದರು ಸಾಹೇಬರು. “ಹನ್ನೊಂದು ವರ್ಷ ನಿಮ್ಮ ಅಂಕಿ ಕೆಳಗೆ ಓದದೆ ಸಹಿ ಹಾಕಿದೆ. ಎಷ್ಟು ಆರಾಮ ಇತ್ತು ಗೊತ್ತಾ? ಇನ್ಮೇಲೆ ನಿಮ್ಮದನ್ನೂ ಓದಬೇಕು. ಓದಲೇಬೇಕು ಅಂತಾದ್ರೆ ನೀವೇ ಯಾಕೆ, ಯಾರು ಬರೆದುಕೊಟ್ರೂ ಆಗತ್ತೆ.”

ಕಲ್ಲನ್ನು ಸರಿಸಿದರು. ಹಾಳೆಯನ್ನು ಎಳೆದುಕೊಂಡು, ಟೈಪಾಗಿದ್ದ ಸಾಲುಗಳ ಕೆಳಗೆ ಕೈಯಲ್ಲಿ ಒಂದು ಸಾಲು ಸೇರಿಸಿ, ಕಾಗದ ಹರಿಯುವಂತೆ ಸಹಿ ಹಾಕಿ ತಳ್ಳಿದರು. ಟೇಪಮ್ಮ ಓದಿದಳು. ‘ಅಳತೆಯಲ್ಲಿ ಗಂಭೀರ ದೋಷ ಕಂಡುಬಂದಿರುವ ಕಾರಣ ಸದರಿಯವರನ್ನು ಈ ಕೂಡಲೇ ಬಿಡುಗಡೆಗೊಳಿಸಲಾಗಿದೆ.’

“ಸರ್, ಇದು ತಪ್ಪು.”

“ಯಾವುದು?”

“ಅಳತೆಯಲ್ಲಿ ದೋಷ ಇಲ್ಲ. ಇಪ್ಪತ್ತೈದು ಪಾಯಿಂಟ್ ಒಂದು ಅನ್ನೋದು ಆ ಎತ್ತರಕ್ಕೆ ಸರಿಯಾಗಿಯೇ ಇದೆ. ಕಣ್ಣಿನ ಎತ್ತರ ತಗೊಂಡಿದ್ದು ತಪ್ಪು. ಎರಡೂ ಬೇರೆ ಬೇರೆ ಸರ್. ಇದು ನನ್ನ ಸೇವಾ ಪುಸ್ತಕಕ್ಕೆ ಹೋಗತ್ತೆ.”

“ತಿದ್ದಬೇಕಾ?” ಸಾಹೇಬರು ಕೈ ಚಾಚಿದರು. “ಕೊಡಿ. ಹೊಸದಾಗಿ ಟೈಪ್ ಮಾಡಿಸ್ತೀನಿ. ಟೈಪಿಸ್ಟ್ ಸೋಮವಾರ ಬರ್ತಾಳೆ. ಅಷ್ಟರೊಳಗೆ ನನ್ನ ಕೋಪ ಇಳಿದಿರತ್ತೆ ಅನ್ನೋದನ್ನ ಮಾತ್ರ ನೆನಪಿಟ್ಕೊಳ್ಳಿ.”

ಅವರ ಕೈ ಮೇಜಿನ ಮೇಲೆ ಚಾಚಿಕೊಂಡೇ ಇತ್ತು. ಟೇಪಮ್ಮ ಹಾಳೆಯನ್ನು ಇನ್ನೊಮ್ಮೆ ಓದಿ, ನಾಲ್ಕು ಮಡಿಕೆ ಮಾಡಿ, ಕೈಚೀಲಕ್ಕೆ ಹಾಕಿಕೊಂಡು ನಮಸ್ಕಾರ ಹೇಳಿ ಹೊರಬಂದಳು.

ಕಾರು ಗೋಡೆಗುಂಟ ಹೋಗುತ್ತಿತ್ತು. ಗಂಡನಿಗೆ ಫೋನು ಮಾಡಿದಳು. ಅವನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡ ಯಾವುದೋ ಗಡಿಯಾರವನ್ನು ಬೀಳಿಸಿದ ಸದ್ದು ಕೇಳಿತು. ನಂತರ ಅವನು ಅಂಗಡಿಯ ಪಕ್ಕದವರಿಗೆಲ್ಲ ಹೇಳುವುದು ಕೇಳಿತು. ಫೋನು ಇಟ್ಟ ಮೇಲೆ ಅವಳು ಕೈಚೀಲದಿಂದ ಪತ್ರ ತೆಗೆದಳು. ಓದಿದಳು. ಮಡಿಸಿ ಒಳಗಿಟ್ಟಳು. ಎರಡು ತಿರುವಿನ ನಂತರ ಮತ್ತೆ ತೆಗೆದಳು.

“ಏನು ಅತ್ತಿಗೆ ಅದು, ಪ್ರೇಮಪತ್ರ ಓದೋ ಹಾಗೆ ಓದ್ತಿದೀರಿ?”

“ಇದರಲ್ಲಿ ಒಂದು ವಾಕ್ಯ ತಪ್ಪಿದೆ.”

ಮೈದುನ ಕಾರಿನ ವೇಗ ತಗ್ಗಿಸಿದ. ಅವಳನ್ನು ಬಲ್ಲವನಾದ್ದರಿಂದ ತಿರುಗಿಸಲು ಅಗಲವಾದ ಜಾಗ ಎಲ್ಲಿದೆ ಎಂದು ಆಗಲೇ ನೋಡತೊಡಗಿದ್ದ. “ವಾಪಸ್ ಹೋಗಿ ತಿದ್ದಿಸೋಣವಾ?”

ಟೇಪಮ್ಮ ಮುಂದೆ ನೋಡಿದಳು. ಹಿಂದಿನ ಸೀಟಿನಲ್ಲಿ ಪಾತ್ರೆಯೊಂದು ಕಿಣಿಕಿಣಿ ಅಂದು ಸುಮ್ಮನಾಯಿತು.

“ನಡಿ,” ಎಂದಳು.

ಅರ್ಧ ನಿಮಿಷ ಬಿಟ್ಟು, “ಬೇಗ ನಡಿ.”